ಬಿಲ್ ಪಾಸ್ ಮಾಡುವ ಮುನ್ನ ತಿರುವಿನ ವಾಟ ಅಳೆಯಿರಿ

ಮಲೆನಾಡಿನ ರಸ್ತೆಗಳ ಹೊಣೆ ಹೊತ್ತ ಎಂಜಿನಿಯರ್‌ಗಳಿಗೂ, ಆ ಕಾಮಗಾರಿಗಳಿಗೆ ಅನುದಾನ ತರುವ ಜನಪ್ರತಿನಿಧಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳೆಲ್ಲ ಕಳೆದು ದೀಪಾವಳಿ ಹೊತ್ತಿಗೆ ನೆಲ ಒಣಗಿತೆಂದರೆ ಶಿವಮೊಗ್ಗ ಜಿಲ್ಲೆಯ ರಸ್ತೆಗಳಿಗೆ ಟಿಪ್ಪರ್, ಪೇವರ್, ರೋಲರ್‌ಗಳು ಇಳಿಯುತ್ತವೆ. ಅಡಿಕೆ ಕೊನೆ ಕೊಯ್ಲೂ ಅದೇ ಹೊತ್ತಿಗೆ. ಮಾರ್ಚ್ ಮುಗಿಯುವುದರೊಳಗೆ ಅನುದಾನ ಖರ್ಚಾಗಬೇಕು, ಬಿಲ್ ಆಗಬೇಕು. ಆ ಅವಸರ ಏನೆಂದು ಊರಿನವರಿಗೂ ಗೊತ್ತಿದೆ. ಅದರ ನಡುವೆಯೇ ತಮ್ಮಲ್ಲಿ ಒಂದು ಕೋರಿಕೆ ಇಡುತ್ತಿದ್ದೇನೆ. ಮರು ಡಾಂಬರೀಕರಣದ ಬಿಲ್ಲಿಗೆ ಸಹಿ ಹಾಕುವ ಮುನ್ನ ಆ ರಸ್ತೆಯ ಪ್ರತಿಯೊಂದು ತಿರುವಿನ ಅಡ್ಡ ಇಳಿಜಾರನ್ನು, ಅಂದರೆ ವಾಟವನ್ನು, ಅಳೆಸಿ. ಅಳತೆಯನ್ನು ಮೆಜರ್‌ಮೆಂಟ್ ಬುಕ್‌ನಲ್ಲಿ ಬರೆಸಿ. ಆ ತಿರುವಿನ ಬದಿಯಲ್ಲೂ ಜನರಿಗೆ ಕಾಣುವಂತೆ ಬರೆಸಿ. ಈ ಪತ್ರದಲ್ಲಿರುವ ಉಳಿದ ಮಾತೆಲ್ಲ ಇದು ಏಕೆ ಬೇಕು ಎಂಬುದಕ್ಕೆ ಕೊಡುವ ವಿವರಣೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ಪ್ರಥಮ ಪಿಯುಸಿಯ ಚಲನೆಯ ನಿಯಮಗಳ ಪಾಠದಲ್ಲಿ, ಓರೆಯಾದ ರಸ್ತೆಯಲ್ಲಿ ಕಾರು ತಿರುಗುವ ಲೆಕ್ಕ ಬರುತ್ತದೆ. ಬೋರ್ಡಿನ ಮೇಲೆ ಚಿತ್ರ ಬರೆದು ಬಾಣದ ಗುರುತು ಹಾಕುತ್ತೇನೆ. ಮಕ್ಕಳು ಸೂತ್ರ ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಸಂಜೆ ಅದೇ ಮಕ್ಕಳು ಬಸ್ಸಿನ ಫುಟ್‌ಬೋರ್ಡಿನವರೆಗೂ ತುಂಬಿಕೊಂಡು ಮನೆಗೆ ಹೋಗುವ ದಾರಿಯಲ್ಲಿ, ಆ ಚಿತ್ರಕ್ಕೆ ಪೂರ್ತಿ ಉಲ್ಟಾ ಇರುವ ತಿರುವುಗಳಿವೆ. ಅದನ್ನು ನೋಡಿಯೂ ಪಾಠ ಮಾಡಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ತಿರುಗುವ ಗಾಡಿಗೆ ಅದನ್ನು ಸದಾ ತಿರುವಿನ ಒಳಮಗ್ಗುಲಿಗೆ ಎಳೆಯುವ ಬಲ ಬೇಕು. ಆ ಬಲ ಸಾಲದೆ ಹೋದರೆ ಗಾಡಿ ತಾನು ಹೋಗುತ್ತಿದ್ದ ನೇರಕ್ಕೇ ಹೋಗುತ್ತದೆ. ನಮ್ಮ ಕಡೆ ಆ ನೇರದಲ್ಲಿ ಒಂದೋ ಧರೆ (ರಸ್ತೆಗೆಂದು ಕಡಿದ ಗುಡ್ಡದ ಗೋಡೆ) ಇರುತ್ತದೆ, ಇಲ್ಲವೇ ಹೊಳೆ, ಇಲ್ಲವೇ ಆಳದಲ್ಲಿ ಯಾರದೋ ತೋಟ. ಸಮತಟ್ಟು ರಸ್ತೆಯಲ್ಲಿ ಈ ಬಲವನ್ನೆಲ್ಲ ಟೈರಿಗೂ ಡಾಂಬರಿಗೂ ನಡುವಿನ ಘರ್ಷಣೆಯೇ ಕೊಡಬೇಕು. ಹೊರ ಅಂಚನ್ನು ಎತ್ತರಿಸಿ ರಸ್ತೆಯನ್ನು ಒಳಕ್ಕೆ ವಾಲಿಸಿದರೆ, ಗಾಡಿಯ ಭಾರಕ್ಕೆ ಎದುರಾಗಿ ರಸ್ತೆ ಕೊಡುವ ಒತ್ತಿನ ಒಂದು ಪಾಲು ಒಳಮುಖವಾಗುತ್ತದೆ. ಘರ್ಷಣೆ ಹೊರಬೇಕಾದ ಹೊರೆ ಅಷ್ಟು ಇಳಿಯುತ್ತದೆ. ತಾವು ಇದನ್ನು ಸೂಪರ್ ಎಲಿವೇಶನ್ ಎನ್ನುತ್ತೀರಿ, ನಮ್ಮ ಗಾರೆಯವರು ವಾಟ ಎನ್ನುತ್ತಾರೆ. ಘರ್ಷಣೆ ದಿನಕ್ಕೊಂದು ಥರ: ಬೇಸಿಗೆಯಲ್ಲಿ ಚೆನ್ನಾಗಿರುತ್ತದೆ, ಮೊದಲ ಮಳೆಗೆ ಧೂಳು ಎಣ್ಣೆ ಕಲಸಿ ಜಾರುತ್ತದೆ, ಮರದ ನೆರಳಿರುವಲ್ಲಿ ಹಾವಸೆ ಕಟ್ಟುತ್ತದೆ, ಟೈರು ಸವೆದರೆ ಇನ್ನೂ ಕಡಿಮೆಯಾಗುತ್ತದೆ. ರಸ್ತೆಯ ವಾಟ ಮಾತ್ರ ಒಮ್ಮೆ ಸರಿಯಾಗಿ ಕೊಟ್ಟರೆ ಜಡಿಮಳೆಯಲ್ಲೂ ಅಷ್ಟೇ ಇರುತ್ತದೆ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯಂಥ ಊರಿರುವ ಸೀಮೆಯಲ್ಲಿ, ನೆಚ್ಚಿಕೊಳ್ಳಬಹುದಾದ್ದು ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ.

ಲೆಕ್ಕ ತಮಗೆ ಹೊಸದಲ್ಲ. ಈ ಪತ್ರ ಓದುವ ಬಸ್ ಚಾಲಕರಿಗೂ ಪಂಚಾಯಿತಿ ಸದಸ್ಯರಿಗೂ ತಿಳಿಯಲಿ ಎಂದು ಬರೆಯುತ್ತೇನೆ. ಗಂಟೆಗೆ ಕಿ.ಮೀ. ಲೆಕ್ಕದ ವೇಗವನ್ನು ಅದರಿಂದಲೇ ಗುಣಿಸಿ, ಮೀಟರ್ ಲೆಕ್ಕದಲ್ಲಿ ತಿರುವಿನ ತ್ರಿಜ್ಯದ 127 ಪಟ್ಟಿನಿಂದ ಭಾಗಿಸಬೇಕು. ಬಂದ ಸಂಖ್ಯೆಯನ್ನು ವಾಟವೂ ಘರ್ಷಣೆಯೂ ಸೇರಿ ತುಂಬಿಕೊಡಬೇಕು. ರಸ್ತೆ ಕಟ್ಟುವ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಸಂಹಿತೆಗಳ ಪ್ರಕಾರ ಘರ್ಷಣೆಯ ಪಾಲು 0.15 ದಾಟಬಾರದು. ವಾಟ ಬಯಲುಸೀಮೆಯಲ್ಲಿ ಹೆಚ್ಚೆಂದರೆ ಶೇ 7, ಹಿಮ ಬೀಳದ ಗುಡ್ಡಗಾಡಿನಲ್ಲಿ ಶೇ 10. ಈಗ 50 ಮೀಟರ್ ತ್ರಿಜ್ಯದ ತಿರುವಿನಲ್ಲಿ 40 ಕಿ.ಮೀ. ವೇಗ ಎಂದಿಟ್ಟುಕೊಳ್ಳಿ. 1,600ನ್ನು 6,350ರಿಂದ ಭಾಗಿಸಿದರೆ 0.25 ಬರುತ್ತದೆ. ವಾಟದಿಂದ 0.10, ಘರ್ಷಣೆಯಿಂದ 0.15. ಸರಿಹೋಯಿತು, ಆದರೆ ಒಂದಿಷ್ಟೂ ಮಿಗಲಿಲ್ಲ. ಗುಡ್ಡಗಾಡಿನ ಹೆದ್ದಾರಿಯಲ್ಲಿ 40 ಕಿ.ಮೀ. ವೇಗಕ್ಕೆ 50 ಮೀಟರಿಗಿಂತ ಚಿಕ್ಕ ತ್ರಿಜ್ಯ ಬೇಡ ಎಂದು ಸಂಹಿತೆ ಹೇಳುವುದು ಇದೇ ಲೆಕ್ಕದ ಮೇಲೆ. 7 ಮೀಟರ್ ಅಗಲದ ರಸ್ತೆಗೆ ಶೇ 10 ವಾಟ ಎಂದರೆ ಹೊರ ಅಂಚು ಒಳ ಅಂಚಿಗಿಂತ 70 ಸೆಂ.ಮೀ. ಮೇಲಿರಬೇಕು. ದೊಡ್ಡವರ ತೊಡೆಯ ಮಟ್ಟ. ಅಷ್ಟು ಎತ್ತರ ಇದೆಯೋ ಇಲ್ಲವೋ ಎಂಬುದು ದಾರಿಹೋಕರ ಬರಿಗಣ್ಣಿಗೂ ಕಾಣಬೇಕು.

ನಮ್ಮ ಕಾಲೇಜಿನ ಮಕ್ಕಳ ಬಸ್ಸು ಹೋಗುವ ದಾರಿಯ ಒಂದು ತಿರುವಿನಲ್ಲಿ ನನ್ನ ಕಣ್ಣಿಗೆ ಕಂಡದ್ದು ಬೇರೆ. ಅಲ್ಲಿ ಹೊಸ ಡಾಂಬರು ಬಿದ್ದು ಬಹಳ ದಿನ ಆಗಿರಲಿಲ್ಲ. ಕನ್ನಡಿಯ ಹಾಗೆ ನುಣ್ಣಗಿತ್ತು, ಬಿಳಿ ಗೆರೆಯೂ ಎಳೆದಿತ್ತು. ಒಂದು ಭಾನುವಾರ ಬೆಳಿಗ್ಗೆ ನಮ್ಮೂರ ಗಾರೆ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋದೆ. ಎರಡೂ ತುದಿಯಲ್ಲಿ ಹುಡುಗರನ್ನು ಕೆಂಪು ಬಟ್ಟೆ ಕೊಟ್ಟು ನಿಲ್ಲಿಸಿದೆವು. ಒಳ ಅಂಚಿನ ಬಿಳಿ ಗೆರೆಯ ಮೇಲೆ 20 ಮೀಟರ್ ಹಗ್ಗವನ್ನು ಬಿಗಿಯಾಗಿ ಹಿಡಿದು, ನಟ್ಟನಡುವೆ ಹಗ್ಗಕ್ಕೂ ಗೆರೆಗೂ ಎಷ್ಟು ಅಂತರ ಎಂದು ನೋಡಿದರೆ 1 ಮೀಟರ್ ಬಂತು. ಹಗ್ಗದ ಉದ್ದದ ವರ್ಗವನ್ನು ಆ ಅಂತರದ 8 ಪಟ್ಟಿನಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ: 400ನ್ನು 8ರಿಂದ ಭಾಗಿಸಿ, 50 ಮೀಟರ್. ಆಮೇಲೆ ಮೇಸ್ತ್ರಿ ತಮ್ಮ 2 ಮೀಟರ್ ಅಲ್ಯುಮಿನಿಯಂ ಪಟ್ಟಿಯನ್ನು ಹೊರಬದಿಯ ಲೇನಿನಲ್ಲಿ ರಸ್ತೆಗೆ ಅಡ್ಡಲಾಗಿ ಇಟ್ಟು, ಮೇಲೆ ರಸಮಟ್ಟ ಕೂರಿಸಿದರು. ಗುಳ್ಳೆ ನಡುವಿಗೆ ಬರಬೇಕಾದರೆ ಪಟ್ಟಿಯ ಯಾವ ತುದಿ ಎತ್ತಬೇಕು? ಒಳಬದಿಯ ತುದಿ ಎತ್ತಬೇಕಾಗುತ್ತದೆ ಎಂದು ಪಾಠ ಮಾಡಿದವಳು ನಾನು. ಅವರು ಎತ್ತಿದ್ದು ಹೊರಬದಿಯ ತುದಿಯನ್ನು. ಪಟ್ಟಿಯ ಅಡಿ 4 ಸೆಂ.ಮೀ. ಸಂದು. ಎಂದರೆ ರಸ್ತೆ ಶೇ 2ರಷ್ಟು ಹೊರಕ್ಕೇ ವಾಲಿತ್ತು.

"ಇದೇನು ಮೇಡಂ, ವಾಟ ಹೊಳೆ ಕಡೆಗೆ ಕೊಟ್ಟಿದ್ದಾರೆ? ಬಚ್ಚಲುಮನೆಗೂ ನಾವು ಮಟ್ಟ ನೋಡದೆ ಸಿಮೆಂಟ್ ಹಾಕುವುದಿಲ್ಲ" ಎಂದರು ಅವರು.

ನೇರ ರಸ್ತೆಯಲ್ಲಿ ಮಳೆನೀರು ಎರಡೂ ಬದಿಗೆ ಹರಿಯಲೆಂದು ನಡು ಉಬ್ಬಿಸಿ ಎರಡು ಕಡೆಗೂ ಶೇ 2ರಿಂದ 2.5ರಷ್ಟು ಇಳಿಜಾರು ಕೊಡುತ್ತಾರಲ್ಲ, ಆ ಕ್ಯಾಂಬರನ್ನು ತಿರುವಿನಲ್ಲೂ ಹಾಗೇ ಮುಂದುವರಿಸಿದ್ದರು. ಒಳಬದಿಯಲ್ಲಿ ಬರುವ ಗಾಡಿಗೆ ಅದರಿಂದ ಅಷ್ಟಿಷ್ಟು ಸಹಾಯವೇ ಆಗುತ್ತದೆ. ಹೊರಬದಿಯಲ್ಲಿ ಬರುವವರಿಗೆ ಮಾತ್ರ ರಸ್ತೆಯೇ ಹೊರಗೆ ತಳ್ಳುತ್ತದೆ. ಆ ತಿರುವಿನ ಮುಂಚೆ 40 ಎಂಬ ಬೋರ್ಡ್ ಇದೆ. ಅದನ್ನು ನಂಬಿ ಸರಿಯಾಗಿ 40ರಲ್ಲಿ ಹೊರಬದಿಯಲ್ಲಿ ತಿರುಗುವವರಿಗೆ ಘರ್ಷಣೆಯಿಂದ ಬೇಕಾಗುವುದು 0.25ರ ಮೇಲೆ 0.02, ಅಂದರೆ 0.27. ಸಂಹಿತೆ ಒಪ್ಪುವ 0.15ಕ್ಕೆ ಹತ್ತಿರಹತ್ತಿರ ಎರಡು ಪಟ್ಟು. ಘರ್ಷಣೆಯ ಪಾಲು 0.15ರೊಳಗೆ ಇರಬೇಕಾದರೆ ಅವರು 29 ಕಿ.ಮೀ. ವೇಗಕ್ಕೆ ಇಳಿಯಬೇಕು. 29 ದಾಟಿದ ಕೂಡಲೇ ಬಸ್ಸು ಜಾರುತ್ತದೆ ಎಂದು ನಾನು ಹೇಳುತ್ತಿಲ್ಲ, 0.15 ಎಂಬುದನ್ನು ಸಾಕಷ್ಟು ಅಂತರ ಬಿಟ್ಟೇ ನಿಗದಿ ಮಾಡಿದ್ದಾರೆ. ಆದರೆ ಆ ಅಂತರ ಬಿಟ್ಟದ್ದು ಮಳೆಗೆ, ಸವೆದ ಟೈರಿಗೆ, ಅಡ್ಡ ಬಂದ ದನಕ್ಕೆ ಹಠಾತ್ತನೆ ಹಾಕುವ ಬ್ರೇಕಿಗೆ. ಬ್ರೇಕ್ ಒತ್ತಿದಾಗ ಟೈರಿನ ಹಿಡಿತದ ಒಂದು ಪಾಲು ಗಾಡಿ ನಿಲ್ಲಿಸುವುದಕ್ಕೆ ಹೋಗುತ್ತದೆ, ತಿರುಗುವುದಕ್ಕೆ ಉಳಿಯುವುದು ಕಡಿಮೆ. ಕಟ್ಟುವಾಗಲೇ ಆ ಅಂತರವನ್ನು ತಿಂದು ಹಾಕಿದ ರಸ್ತೆಯಲ್ಲಿ ಚಾಲಕನ ಕೈಯಲ್ಲಿ ಏನು ಉಳಿಯಿತು?

ಮಾಹಿತಿ ಹಕ್ಕಿನಡಿ ಆ ಕಾಮಗಾರಿಯ ಅಳತೆ ಕೇಳಿದೆ. ಬಂದ ಪ್ರತಿಯಲ್ಲಿ ಉದ್ದ ಇತ್ತು, ಅಗಲ ಇತ್ತು, ಡಾಂಬರಿನ ದಪ್ಪ ಮಿಲಿಮೀಟರಿನಲ್ಲಿತ್ತು. ತಿರುವುಗಳ ಅಡ್ಡ ಇಳಿಜಾರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಳೆಯದೆ ಇದ್ದದ್ದಕ್ಕೆ ಯಾರೂ ಹಣ ತಡೆಹಿಡಿಯಲಾರರು. ಗುತ್ತಿಗೆದಾರರ ಕಡೆಯಿಂದ ನೋಡಿದರೆ ಅವರು ಟೆಂಡರಿನಲ್ಲಿದ್ದ ಕೆಲಸವನ್ನು ಟೆಂಡರಿನಲ್ಲಿ ಬರೆದಂತೆಯೇ ಮಾಡಿದ್ದಾರೆ.

ಸಮಸ್ಯೆಯ ಬೇರು ಅಂದಾಜು ಪಟ್ಟಿಯಲ್ಲಿದೆ ಎಂದು ನನಗೆ ಅನಿಸುತ್ತದೆ. ಮರು ಡಾಂಬರೀಕರಣದ ಅಂದಾಜನ್ನು ಚದರ ಮೀಟರ್ ಲೆಕ್ಕದಲ್ಲಿ, ಎಲ್ಲೆಡೆ ಒಂದೇ ದಪ್ಪದ ಪದರ ಎಂದು ಮಾಡುತ್ತಾರೆ. ಒಂದೇ ದಪ್ಪದ ಪದರ ಹಾಸಿದರೆ ಕೆಳಗಿನ ಹಳೆಯ ರಸ್ತೆ ಹೇಗೆ ವಾಲಿದೆಯೋ ಹೊಸದೂ ಹಾಗೇ ವಾಲುತ್ತದೆ. ತಪ್ಪಿದ್ದರೆ ತಪ್ಪಿನ ಮೇಲೆ ಹೊಸ ಡಾಂಬರು. ಹಳೆಯ ಗುಂಡಿಗಳಿಗೆ ಗಾಡಿ ತಾನಾಗಿ ನಿಧಾನವಾಗುತ್ತಿತ್ತು. ನುಣುಪಾದ ಮೇಲೆ ವೇಗ ಏರುತ್ತದೆ, ವಾಟ ಮಾತ್ರ ಮೊದಲಿನದೇ. ರಸ್ತೆ ಹೊಸದಾದ ವರ್ಷವೇ ಆ ತಿರುವಿನ ಬಗ್ಗೆ ಊರಿನವರಿಗೆ ಹೆದರಿಕೆ ಹೆಚ್ಚಿದ್ದು ಇದರಿಂದ. ಇನ್ನು ಮೇಲಿಂದ ಮೇಲೆ ಪದರ ಹಾಸಿ ಹಾಸಿ ಡಾಂಬರಿನ ಅಂಚು ಪಕ್ಕದ ಮಣ್ಣಿಗಿಂತ ಗೇಣುದ್ದ ಎತ್ತರ ನಿಂತಿರುವ ಕಡೆಗಳಲ್ಲಿ, ಎದುರಿನ ಬಸ್ಸಿಗೆ ದಾರಿ ಬಿಡಲು ಕೆಳಗಿಳಿದ ಬೈಕು ಮತ್ತೆ ಮೇಲೆ ಹತ್ತುವಾಗ ಬೀಳುತ್ತದೆ.

ಸರಿಪಡಿಸುವುದು ಸುಲಭ ಎಂದು ನಾನು ನಟಿಸುವುದಿಲ್ಲ. ಶೇ 2 ಹೊರವಾಟವನ್ನು ಶೇ 10 ಒಳವಾಟ ಮಾಡಬೇಕಾದರೆ, ಮೂರೂವರೆ ಮೀಟರಿನ ಹೊರ ಲೇನ್ ಒಂದರಲ್ಲೇ ಅಂಚನ್ನು 42 ಸೆಂ.ಮೀ. ಏರಿಸಬೇಕು. ಅದು ಡಾಂಬರಿನ ಪದರದಿಂದ ಆಗುವ ಕೆಲಸ ಅಲ್ಲ. ಕೆಳಗಿನ ಜಲ್ಲಿಯ ಪದರದಿಂದಲೇ ಕಟ್ಟಿಕೊಂಡು ಬರಬೇಕು, ಬದಿಯ ಮಣ್ಣು ಏರಿಸಬೇಕು, ಹೊರಬದಿಯಲ್ಲಿ ಕಣಿವೆ ಇದ್ದರೆ ತಡೆಗೋಡೆ ಬೇಕು. ಖರ್ಚಿದೆ, ನಿಜ. ಆದರೆ ಅಂದಾಜು ಪಟ್ಟಿಯಲ್ಲಿ ತಿರುವಿನ ಮಟ್ಟ ತಿದ್ದುವ ಕೆಲಸಕ್ಕೆ ಬೇರೆ ಬಾಬ್ತು ಹಾಕಲು ಅವಕಾಶ ಇದ್ದೇ ಇದೆ. ಪ್ರೊಫೈಲ್ ಕರೆಕ್ಟಿವ್ ಕೋರ್ಸ್ (ಮಟ್ಟ ತಿದ್ದುವ ಪದರ) ಎಂಬುದು ಕೇಂದ್ರ ಹೆದ್ದಾರಿ ಸಚಿವಾಲಯದ ಕಾಮಗಾರಿ ವಿವರಣೆಯಲ್ಲೇ ಇರುವ ಮಾತು. ಹತ್ತು ಕಿ.ಮೀ. ರಸ್ತೆಗೆ ಬಂದ ಹಣದಲ್ಲಿ ಎಂಟು ಕಿ.ಮೀ. ಡಾಂಬರು ಹಾಕಿ, ಉಳಿದ ಹಣದಲ್ಲಿ ಆ ಎಂಟು ಕಿ.ಮೀ.ನ ಕೆಟ್ಟ ತಿರುವುಗಳನ್ನು ತಿದ್ದಿದರೆ ನಾನಂತೂ ಅದನ್ನು ಒಳ್ಳೆಯ ಕೆಲಸ ಎನ್ನುತ್ತೇನೆ. ಜನಪ್ರತಿನಿಧಿಗಳಿಗೆ ಒಂದು ಮಾತು: ಎರಡು ಕಿ.ಮೀ. ಕಡಿಮೆ ಆಯಿತೆಂದು ಊರಿನವರು ಕೇಳಿದರೆ ಕಾರಣ ಹೇಳಿ. ಮಕ್ಕಳನ್ನು ಬಸ್ಸಿಗೆ ಹತ್ತಿಸುವ ತಾಯಂದಿರಿಗೆ ಅದು ಅರ್ಥವಾಗುತ್ತದೆ.

ವಾಟ ಹೆಚ್ಚಿದಷ್ಟೂ ಒಳ್ಳೆಯದು ಎಂದೂ ಅಲ್ಲ. ನಮ್ಮ ರಸ್ತೆಯಲ್ಲಿ ಓಡುವುದು ಕಾರುಗಳಷ್ಟೇ ಅಲ್ಲವಲ್ಲ. ಭತ್ತದ ಹುಲ್ಲನ್ನು ಕ್ಯಾಬಿನ್ನಿನ ಮೇಲೆ ಆಳೆತ್ತರ ಪೇರಿಸಿದ ಲಾರಿ ಏರಿನಲ್ಲಿ ಹತ್ತು ಹದಿನೈದು ಕಿ.ಮೀ. ವೇಗದಲ್ಲಿ ತೆವಳುತ್ತದೆ. ವಿಪರೀತ ಒಳವಾಟ ಇದ್ದರೆ ಅದು ಒಳಕ್ಕೇ ಮಗುಚಬಹುದು. ಅದಕ್ಕೇ ಸಂಹಿತೆ ಎರಡು ಕಟ್ಟು ಹಾಕಿದೆ. ವಾಟದ ಲೆಕ್ಕವನ್ನು ಪೂರ್ತಿ ವೇಗಕ್ಕೆ ಮಾಡದೆ ಮುಕ್ಕಾಲು ಪಾಲು ವೇಗಕ್ಕೆ ಮಾಡಬೇಕು. ಎಷ್ಟೇ ಬಂದರೂ ಗುಡ್ಡಗಾಡಿನಲ್ಲಿ ಶೇ 10 ದಾಟಬಾರದು. ನಿಧಾನಿಗಳನ್ನೂ ವೇಗಿಗಳನ್ನೂ ಒಂದೇ ರಸ್ತೆಯಲ್ಲಿ ಕಾಯುವ ಈ ನಿಯಮ ಮಾಡಿದವರ ಬಗ್ಗೆ ನನಗೆ ಗೌರವ ಇದೆ. ಅದರ ಹಿಂದೆ ನಮ್ಮಂಥ ರಸ್ತೆಗಳನ್ನು ಕಣ್ಣಾರೆ ನೋಡಿದ ಎಂಜಿನಿಯರ್‌ಗಳಿದ್ದಾರೆ.

ಭಾರದ ಗಾಡಿಗಳ ವಿಚಾರದಲ್ಲಿ ಇನ್ನೊಂದು ಸಂಗತಿ. ಕಾರು ಜಾರುತ್ತದೆ, ಎತ್ತರಕ್ಕೆ ಹೇರಿದ ಲಾರಿ ಜಾರುವ ಮೊದಲೇ ಉರುಳುತ್ತದೆ. ಎಡಬಲದ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಅದು ಉರುಳುವ ಮಿತಿ ಸಿಗುತ್ತದೆ; ಮೊದಲಿನ ಲೆಕ್ಕದಲ್ಲಿ ಘರ್ಷಣೆಯ ಜಾಗದಲ್ಲಿ ಇದನ್ನು ಇಡಬೇಕು. ಚಕ್ರಗಳ ನಡುವೆ 1.9 ಮೀಟರ್, ಗುರುತ್ವ ಕೇಂದ್ರ 2.2 ಮೀಟರ್ ಮೇಲೆ ಎಂದುಕೊಂಡರೆ 0.43. ಅದೇ 50 ಮೀಟರಿನ ತಿರುವಿನಲ್ಲಿ ಶೇ 10 ಒಳವಾಟ ಇದ್ದರೆ ಈ ಲಾರಿ ಉರುಳುವ ವೇಗ ಸುಮಾರು 58 ಕಿ.ಮೀ. ಶೇ 2 ಹೊರವಾಟ ಇದ್ದರೆ 51. ಸ್ಪ್ರಿಂಗು ಒಂದು ಕಡೆಗೆ ಕುಸಿದು ಹೇರು ಸರಿದರೆ ಎರಡೂ ಸಂಖ್ಯೆ ಇನ್ನೂ ಕೆಳಗಿಳಿಯುತ್ತವೆ. ಲಾರಿ ಪಲ್ಟಿಯಾದ ಸುದ್ದಿಯಲ್ಲಿ ನಿಯಂತ್ರಣ ತಪ್ಪಿ ಎಂಬ ಎರಡು ಪದಗಳ ಆಚೆಗೆ ಯಾರೂ ಹೋಗುವುದಿಲ್ಲ.

ವಾಟ ತಿರುವಿನ ನಡುವೆ ದಿಢೀರನೆ ಬರುವಂಥದ್ದಲ್ಲ. ನೇರ ರಸ್ತೆಯ ಕ್ಯಾಂಬರಿನಿಂದ ನಿಧಾನವಾಗಿ ತಿರುಚುತ್ತ ಬಂದು, ತಿರುವಿನ ವೃತ್ತಭಾಗ ಮುಟ್ಟುವ ಹೊತ್ತಿಗೆ ಪೂರ್ತಿ ಆಗಿರಬೇಕು. ಗುಡ್ಡಗಾಡಿನಲ್ಲಿ ಅಂಚು 60 ಮೀಟರ್ ಉದ್ದಕ್ಕೆ 1 ಮೀಟರಿಗಿಂತ ಬೇಗ ಏರಬಾರದು. 70 ಸೆಂ.ಮೀ. ಏರಬೇಕಾದರೆ 42 ಮೀಟರ್ ದೂರ ಬೇಕು. ಎಡಕ್ಕೆ ತಿರುಗಿ ತಕ್ಷಣ ಬಲಕ್ಕೆ ತಿರುಗುವ ನಮ್ಮ ತೋಟದ ಸಾಲಿನ ರಸ್ತೆಗಳಲ್ಲಿ ಅಷ್ಟು ಜಾಗ ಎಷ್ಟೋ ಕಡೆ ಇಲ್ಲ. ಅಂಥಲ್ಲಿ ಕೊಡಲಾಗುವ ವಾಟ ಎಷ್ಟೋ ಅಷ್ಟನ್ನು ಕೊಟ್ಟು, ಅದಕ್ಕೆ ತಕ್ಕ ವೇಗವನ್ನು ಬೋರ್ಡಿನ ಮೇಲೆ ಬರೆದರೆ ಅದೂ ಪ್ರಾಮಾಣಿಕ ಕೆಲಸವೇ. ವಾಟ ಅಳೆಯದೆ 40 ಎಂದು ಬರೆದ ಬೋರ್ಡಿಗೆ ಮಾತ್ರ ಆಧಾರವಿಲ್ಲ.

ಈ ತಿರುಚಿನ ಭಾಗದಲ್ಲಿ ಮಲೆನಾಡಿಗೇ ವಿಶೇಷವಾಗಿ ಕಾಡುವ ಒಂದು ಅಪಾಯ ಇದೆ. ಹೊರಕ್ಕೆ ವಾಲಿದ ಲೇನ್ ಒಳಕ್ಕೆ ವಾಲುವ ಮೊದಲು ಒಂದು ಕಡೆ ಪೂರ್ತಿ ಸಮತಟ್ಟಾಗಲೇಬೇಕು. ರಸ್ತೆ ಅಲ್ಲಿ ಏರೋ ಇಳಿಯೋ ಇದ್ದರೆ ನೀರು ಉದ್ದಕ್ಕೆ ಹರಿದುಹೋಗುತ್ತದೆ. ಅದೂ ಇಲ್ಲದಿದ್ದರೆ ನೀರು ಅಲ್ಲೇ ತೆಳ್ಳಗೆ ಹರಡಿ ನಿಲ್ಲುತ್ತದೆ. ಜೋರು ಮಳೆಯಲ್ಲಿ ಆ ನೀರಿನ ಹಾಳೆಯ ಮೇಲೆ ಟೈರು ನೆಲ ಬಿಟ್ಟು ತೇಲಿದರೆ ಸ್ಟಿಯರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ. ಸರಿಯಾಗಿ ತಿರುವು ಶುರುವಾಗುವ ಜಾಗದಲ್ಲೇ ಇದು ಆಗುವುದು. ಹಾಗೆಯೇ ಪೂರ್ತಿ ವಾಟ ಇರುವಲ್ಲಿ ಏಳು ಮೀಟರ್ ಅಗಲದ ನೀರೆಲ್ಲ ಒಂದೇ ಅಂಚಿಗೆ ಬರುತ್ತದೆ. ಒಳಬದಿಯಲ್ಲಿ ಧರೆ ಇದ್ದರೆ ಅದರ ಬುಡದ ಚರಂಡಿ ತೆರೆದಿರಬೇಕು. ಅಕೇಶಿಯಾ ಎಲೆ, ಧರೆಯಿಂದ ಜಾರಿದ ಮಣ್ಣು ತುಂಬಿ ಚರಂಡಿ ಕಟ್ಟಿಕೊಂಡರೆ, ಗುಡ್ಡದ ನೀರು ಕೆಮ್ಮಣ್ಣಿನ ಸಮೇತ ತಿರುವಿನ ಮೇಲೇ ಹರಿಯುತ್ತದೆ. ಒಳಬದಿಯಲ್ಲಿ ಕಣಿವೆ ಇದ್ದರೆ ಆ ನೀರು ಬದಿಯ ಮಣ್ಣನ್ನು ಕೊರೆದು ರಸ್ತೆಯ ಅಂಚನ್ನೇ ಕೆಡವುತ್ತದೆ; ಅಲ್ಲಿ ನೀರಿಳಿಯಲು ಕಲ್ಲು ಕಟ್ಟಿದ ದಾರಿ ಬೇಕು. ವಾಟ ತಿದ್ದುವಾಗ ಚರಂಡಿ, ಮೋರಿಗಳನ್ನು ಬೇರೆ ಕಾಮಗಾರಿ ಎಂದು ಮುಂದಕ್ಕೆ ಹಾಕಬೇಡಿ.

ಘಾಟಿಗಳ ಮಾತು ಸ್ವಲ್ಪ ಬೇರೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ಹೇರ್‌ಪಿನ್ ತಿರುವುಗಳಲ್ಲಿ ಎಲ್ಲರೂ ತಾವಾಗಿಯೇ ಹೆದರಿ ನಿಧಾನ ಮಾಡುತ್ತಾರೆ, ಭಾರಿ ವಾಹನಗಳಿಗೂ ಅಲ್ಲಿ ನಿರ್ಬಂಧ ಇದೆ. ಹೇರ್‌ಪಿನ್‌ಗೆ ಸಂಹಿತೆ ಇಟ್ಟುಕೊಂಡಿರುವ ವೇಗವೇ 20 ಕಿ.ಮೀ.; ಒಳ ಅಂಚಿನ ತ್ರಿಜ್ಯ ಕನಿಷ್ಠ 14 ಮೀಟರ್, ವಾಟ ಶೇ 10ರವರೆಗೆ, ಏರು 40 ಮೀಟರಿಗೆ 1 ಮೀಟರ್ ದಾಟಬಾರದು. ಹುಲಿಕಲ್ ಘಾಟಿಯಲ್ಲೂ ನಾಗೋಡಿಯಿಂದ ಕೊಲ್ಲೂರಿಗೆ ಇಳಿಯುವಲ್ಲೂ ಚಾಲಕರು ಮೈಯೆಲ್ಲ ಕಣ್ಣಾಗಿರುತ್ತಾರೆ. ನನಗೆ ಹೆಚ್ಚು ಚಿಂತೆ ಇರುವುದು ಘಾಟಿಯ ಹೆಸರಿಲ್ಲದ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ನಡುವೆ ಗುಡ್ಡ ಬಳಸಿ ಹೋಗುವ ಸಾಮಾನ್ಯ ತಿರುವುಗಳ ಬಗ್ಗೆ. ಎರಡು ಕಿ.ಮೀ. ನೇರ ರಸ್ತೆ ಸಿಕ್ಕಿ ವೇಗ ಏರಿದ ಮೇಲೆ ಅವು ಬರುತ್ತವೆ. ಅಲ್ಲಿ ಎಚ್ಚರಿಕೆಗೆ ಪ್ರಪಾತವೂ ಕಾಣುವುದಿಲ್ಲ.

ಇಂಥ ಅಳತೆ ಇಡುವುದು ಆಗದ ಕೆಲಸ ಎಂದು ದಯವಿಟ್ಟು ಹೇಳಬೇಡಿ. ಶಿವಮೊಗ್ಗದಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪಕ್ಕೆ ಹೋಗುವ ರೈಲು ಹಳಿಯೂ ಇದೇ ಮಲೆನಾಡಿನ ಮಣ್ಣಿನ ಮೇಲೇ ತಿರುಗುತ್ತದೆ. ರೈಲ್ವೆಯವರು ಹಳಿಯ ಹೊರಗಂಬಿಯನ್ನು ಎಷ್ಟು ಎತ್ತರಿಸಬೇಕು ಎಂಬುದನ್ನು ಮಿಲಿಮೀಟರಿನಲ್ಲಿ ಲೆಕ್ಕ ಹಾಕುತ್ತಾರೆ. ಅದನ್ನು ಅವರು ಕ್ಯಾಂಟ್ ಎನ್ನುತ್ತಾರೆ. ತಿರುವು ಶುರುವಾಗುವಲ್ಲಿ ಬೋರ್ಡ್ ನೆಟ್ಟು ತ್ರಿಜ್ಯ, ಉದ್ದ, ಕ್ಯಾಂಟ್ ಎಲ್ಲ ಬರೆಯುತ್ತಾರೆ. ಹಳಿ ನೋಡುವ ಸಿಬ್ಬಂದಿ ಬರೆದದ್ದಕ್ಕೂ ಇರುವುದಕ್ಕೂ ತಾಳೆ ನೋಡಿ, ವ್ಯತ್ಯಾಸ ಇದ್ದರೆ ತಿದ್ದುತ್ತಾರೆ. ರೈಲಿಗೆ ಹಳಿಯ ಹಿಡಿತವಾದರೂ ಇದೆ. ಅದೂ ಇಲ್ಲದ ಬಸ್ಸು, ಬೈಕು, ಆಟೊಗಳು ಓಡುವ ರಸ್ತೆಯ ತಿರುವಿಗೆ ಒಂದು ಸಂಖ್ಯೆ ಬರೆಯಲು ಏನು ಅಡ್ಡಿ?

ಅಪಘಾತ ಆದಾಗ ಏನಾಗುತ್ತದೆ ಎಂಬುದು ತಮಗೂ ಗೊತ್ತು. ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ ಎಂದು ಎಫ್‌ಐಆರ್ ಆಗುತ್ತದೆ. ಮೊದಲು ಭಾರತೀಯ ದಂಡ ಸಂಹಿತೆಯ 279 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 281. ಚಾಲಕನ ವೇಗದ ಬಗ್ಗೆ ಸಾಕ್ಷಿ ಹೇಳಿಕೆ ತೆಗೆದುಕೊಳ್ಳುತ್ತಾರೆ, ಮಹಜರು ಬರೆಯುತ್ತಾರೆ, ಚಕ್ರದ ಗುರುತಿನ ಉದ್ದ ಅಳೆಯುತ್ತಾರೆ. ರಸ್ತೆ ಯಾವ ಕಡೆಗೆ ಎಷ್ಟು ವಾಲಿದೆ ಎಂದು ಅಳೆದ ಮಹಜರನ್ನು ನಾನು ನೋಡಿಲ್ಲ. ವೇಗದ ತಪ್ಪು ಚಾಲಕನದೇ ಇರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ತಿರುವಿನಲ್ಲಿ ಬೇರೆ ಬೇರೆ ಊರಿನ, ಬೇರೆ ಬೇರೆ ವಯಸ್ಸಿನ ಚಾಲಕರು ಒಂದೇ ಮಗ್ಗುಲಿಗೆ ಬೀಳುತ್ತಿದ್ದರೆ ರಸ್ತೆಯನ್ನೂ ಒಮ್ಮೆ ವಿಚಾರಿಸಬೇಕಲ್ಲವೇ? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ 198ಎ ಎಂಬ ಕಲಮನ್ನು ಸೇರಿಸಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ, ಅದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ದಂಡ ಸಣ್ಣದು. ಆದರೆ ರಸ್ತೆಯೂ ತಪ್ಪು ಮಾಡಬಹುದು ಎಂದು ಕಾನೂನು ಒಪ್ಪಿಕೊಂಡಿದೆ. ಅಳತೆ ದಾಖಲಾಗದೆ ಇದ್ದರೆ ಆ ಕಲಮಿನಿಂದ ಮನೆಯ ಮಗನನ್ನು ಕಳೆದುಕೊಂಡವರಿಗೆ ಏನೂ ಸಿಗದು. ಪ್ರಾಮಾಣಿಕವಾಗಿ ಕೆಲಸ ಮಾಡಿದ ಎಂಜಿನಿಯರಿಗೂ ತನ್ನ ರಸ್ತೆ ಸರಿಯಾಗಿತ್ತೆಂದು ತೋರಿಸಲು ದಾಖಲೆ ಇರುವುದಿಲ್ಲ. ಎರಡೂ ಕಡೆಯವರಿಗೆ ಬೇಕಾದದ್ದು ಅದೇ ಸಂಖ್ಯೆ.

ತಮ್ಮ ಬಳಿ ಟೋಟಲ್ ಸ್ಟೇಷನ್ ಇದೆ, ಆಟೊ ಲೆವೆಲ್ ಇದೆ, ನುರಿತ ಸಿಬ್ಬಂದಿ ಇದ್ದಾರೆ. ನಮ್ಮ ಬಳಿ ಹಗ್ಗ ಮತ್ತು ರಸಮಟ್ಟ ಇತ್ತು. ಒಂದು ತಿರುವಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ತಿರುವು ಶುರುವಾಗುವಲ್ಲಿ, ನಡುವೆ, ಮುಗಿಯುವಲ್ಲಿ, ಎರಡೂ ಲೇನಿನಲ್ಲಿ ವಾಟ ನೋಡಿ ಬರೆದರೆ ಸಾಕು. ಮೊದಲ ಅಳತೆ ಡಾಂಬರು ಹಾಕುವ ಮುನ್ನ ಆಗಲಿ, ಅಂದಾಜು ಪಟ್ಟಿಗೆ ಅದೇ ಆಧಾರವಾಗಲಿ. ಎರಡನೆಯದು ರೋಲರ್ ಹೋದ ಮೇಲೆ, ಬಿಲ್ಲಿನ ಜೊತೆಗೆ. ವಾಟ ಕೊಡಲಾಗದ ಕಡೆ ವೇಗದ ಬೋರ್ಡಿನ ಸಂಖ್ಯೆ ಇಳಿಯಲಿ, ತಿರುವಿನ ದಿಕ್ಕು ತೋರಿಸುವ ಬಾಣದ ಫಲಕಗಳು ಹೊರಬದಿಯಲ್ಲಿ ಸಾಲಾಗಿ ನಿಲ್ಲಲಿ, ಕಣಿವೆಯ ಕಡೆ ಉಕ್ಕಿನ ತಡೆಪಟ್ಟಿ ಬರಲಿ. ತಿರುವಿನ ಒಳಬದಿಯಲ್ಲಿ ಅಗಲ ಹೆಚ್ಚಿಸುವುದನ್ನೂ ಇದರ ಜೊತೆಗೇ ನೋಡಿ. ಉದ್ದನೆಯ ಬಸ್ಸಿನ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಸರಿಯುತ್ತದೆ. 41ರಿಂದ 60 ಮೀಟರ್ ತ್ರಿಜ್ಯದ ಎರಡು ಲೇನಿನ ತಿರುವಿಗೆ 1.2 ಮೀಟರ್ ಹೆಚ್ಚು ಅಗಲ ಬೇಕೆಂದು ಸಂಹಿತೆಯೇ ಹೇಳುತ್ತದೆ.

ಎಲ್ಲ ತಿರುವುಗಳನ್ನೂ ಒಂದೇ ವರ್ಷ ತಿದ್ದಲಾಗದು. ಅಳೆಯುವುದನ್ನು ಮಾತ್ರ ಒಂದೇ ಬೇಸಿಗೆಯಲ್ಲಿ ಮುಗಿಸಬಹುದು. ಎಲ್ಲಿಂದ ಶುರು ಮಾಡಬೇಕೆಂದು ಕೇಳಿದರೆ, ಶಾಲೆ ಕಾಲೇಜಿನ ಮಕ್ಕಳ ಬಸ್ಸು ಹೋಗುವ ರಸ್ತೆಗಳಿಂದ ಶುರು ಮಾಡಿ ಎನ್ನುತ್ತೇನೆ. ಆಯಾ ದಾರಿಯ ಬಸ್ ಚಾಲಕರನ್ನೂ ಹಾಲಿನ ಗಾಡಿಯವರನ್ನೂ ಕರೆದು ಕೂರಿಸಿ ವಿಚಾರಿಸಿ. ಯಾವ ತಿರುವು ಹೊರಗೆ ಎಳೆಯುತ್ತದೆ ಎಂದು ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ನಮ್ಮ ಕಾಲೇಜಿನ ದಾರಿಯ ತಿರುವಿನ ಅಳತೆಯನ್ನು ಚಿತ್ರ ಸಮೇತ ಬರೆದು ಸಂಬಂಧಪಟ್ಟ ಕಚೇರಿಗೆ ಈಗಾಗಲೇ ಕೊಟ್ಟಿದ್ದೇನೆ. ತಮ್ಮ ಸಿಬ್ಬಂದಿ ಬಂದು ತಮ್ಮ ಉಪಕರಣದಲ್ಲಿ ಮತ್ತೊಮ್ಮೆ ಅಳೆಯಲಿ. ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಲಿ, ಸರಿ ಇದ್ದರೆ ಮೃಗಶಿರಾ ಮಳೆ ಹಿಡಿಯುವ ಮೊದಲು ಆ 40ರ ಬೋರ್ಡನ್ನಾದರೂ ಬದಲಿಸಲಿ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಭೌತಶಾಸ್ತ್ರ ಉಪನ್ಯಾಸಕಿ